ಎರೆಹುಳು ಕಂಡರೆ ಮಣ್ಣು ಚೆನ್ನಾಗಿದೆ ಅಂತ ನಂಬಬಹುದಾ?

ಹಿತ್ತಲಗಿಡ

ಎಲ್ಲರಿಗೂ ನಮಸ್ಕಾರ. ತರಕಾರಿ ಬೆಳೆಯೋಕೆ ಒಂದು ಸಣ್ಣ ಜಾಗ ಸಿಕ್ಕಿದೆ. ಅಲ್ಲಿ ಹಿಂದೆ ಯಾರೋ ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರಂತೆ. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿದೆ. ಸೀಸ ಕಿಲೋಗೆ 600 ಮಿಲಿಗ್ರಾಂ, ಪಿಎಚ್ 7.4 ಅಂತ ವರದಿ ಬಂದಿದೆ. ಆದರೆ ಗುದ್ದಲಿ ಹಾಕಿದ ಕಡೆಯೆಲ್ಲ ಎರೆಹುಳು ಸಿಗುತ್ತಿವೆ. ದಪ್ಪಗಿವೆ, ಚುರುಕಾಗಿವೆ. "ಎರೆಹುಳು ಇದೆ ಅಂದಮೇಲೆ ಮಣ್ಣು ಚೆನ್ನಾಗೇ ಇದೆ, ವರದಿ ಪಕ್ಕಕ್ಕಿಡು" ಅನ್ನುತ್ತಾರೆ ಪಕ್ಕದವರು. ಯಾವುದನ್ನ ನಂಬಬೇಕು? ಒಂದೆರಡು ಕೋಳಿ ಸಾಕುವ ಯೋಚನೆಯೂ ಇದೆ.

ಸಾವಯವ ಸಂಗಾತಿ

ಪಕ್ಕದವರು ಹೇಳಿದ್ದು ಸರಿ. ಎರೆಹುಳು ಚರ್ಮದಿಂದಲೇ ಉಸಿರಾಡುವ ಪ್ರಾಣಿ. ಮಣ್ಣಲ್ಲಿ ವಿಷ ಇದ್ದರೆ ಮೊದಲು ಸಾಯೋದು ಅದೇ. ಲ್ಯಾಬಿನವರು ನೂರೆಂಟು ಹೇಳುತ್ತಾರೆ. ಸುಮ್ನೆ ಹೆದರಬೇಡಿ, ಬೀಜ ಹಾಕಿ.

ಮಣ್ಣುಜೀವಿ

ದಯವಿಟ್ಟು ಬೀಜ ಹಾಕಬೇಡಿ, ಸ್ವಲ್ಪ ತಡೆಯಿರಿ. ನಾನು ಮಣ್ಣಿನ ಜೀವಿಗಳ ಮೇಲೆ ಕೆಲಸ ಮಾಡುವವಳು. ನಿಮ್ಮ ವರದಿಯೂ ಸರಿ, ನೀವು ಕಂಡ ಹುಳುಗಳೂ ನಿಜ. ಎರಡೂ ಒಟ್ಟಿಗೆ ಇರಬಹುದು.

ಸೀಸದ ವಿಷಯದಲ್ಲಿ ಎರೆಹುಳು ಗಟ್ಟಿ ಪಿಂಡ. 1994ರಲ್ಲಿ ಬ್ರಿಟನ್ನಿನ ಸ್ಪರ್ಜನ್, ಹಾಪ್ಕಿನ್ ಮತ್ತು ಜೋನ್ಸ್ ಎಂಬ ಸಂಶೋಧಕರು ನಾಲ್ಕು ಲೋಹಗಳನ್ನು ಹುಳುವಿನ ಮೇಲೆ ಪರೀಕ್ಷಿಸಿದ್ದರು. ಸೀಸದಿಂದ ಹುಳು ಇಡುವ ಮೊಟ್ಟೆಕೋಶಗಳು ಅರ್ಧಕ್ಕೆ ಇಳಿಯಬೇಕಾದರೆ ಕಿಲೋ ಮಣ್ಣಿಗೆ ಸುಮಾರು 1,900 ಮಿಲಿಗ್ರಾಂ ಸೀಸ ಬೇಕಾಯಿತು. ನಿಮ್ಮಲ್ಲಿ 600 ಇದೆ. ಪಿಎಚ್ 7ಕ್ಕಿಂತ ಕಡಿಮೆಯಾದಷ್ಟೂ ಮಣ್ಣು ಹುಳಿ; ನಿಮ್ಮ ಪಿಎಚ್ ಕೂಡ ಹುಳುವಿನ ಪರವಾಗಿಯೇ ಇದೆ. ಅವು ದಪ್ಪಗಿರೋದರಲ್ಲಿ ಆಶ್ಚರ್ಯ ಇಲ್ಲ.

ಈಗ ಮನುಷ್ಯರ ಲೆಕ್ಕ ನೋಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆ ಅಂಗಳದ ಮಣ್ಣಿನ ಸೀಸಕ್ಕೆ ಮೊದಲು 400 ಮಿಲಿಗ್ರಾಂ ಅನ್ನು ಎಚ್ಚರಿಕೆಯ ಮಟ್ಟವಾಗಿ ಇಟ್ಟಿತ್ತು. 2024ರಲ್ಲಿ ಅದನ್ನೂ 200ಕ್ಕೆ ಇಳಿಸಿತು. ಮಣ್ಣಲ್ಲಿ ಆಡುವ ಮಕ್ಕಳು ಕೈ ಬಾಯಿಗೆ ಹಾಕುತ್ತಾರೆ, ಅದೇ ಮುಖ್ಯ ಕಾರಣ. ಹುಳುವಿಗೆ ಏನೂ ಆಗದ ಮಣ್ಣು ಮಗುವಿಗೆ ಕೆಟ್ಟದ್ದಾಗಿರಬಹುದು. ಹುಳುವನ್ನು ನೋಡಿ ಮನುಷ್ಯರ ಲೆಕ್ಕ ಹಾಕೋಕೆ ಆಗಲ್ಲ.

ಸಾವಯವ ಸಂಗಾತಿ

ಹಾಗಾದ್ರೆ "ಎರೆಹುಳು ರೈತನ ಮಿತ್ರ, ಮಣ್ಣಿನ ಆರೋಗ್ಯದ ಗುರುತು" ಅಂತ ಎಲ್ಲರೂ ಹೇಳೋದು ಸುಳ್ಳಾ ಮೇಡಂ?

ಮಣ್ಣುಜೀವಿ

ಸುಳ್ಳಲ್ಲ ಸಾರ್. ಹುಳು ಇದ್ದರೆ ತೇವ ಇದೆ, ತಿನ್ನೋಕೆ ಸಾವಯವ ವಸ್ತು ಇದೆ, ಮಣ್ಣು ಗಟ್ಟಿಯಾಗಿ ಅಮುಕಿಲ್ಲ ಅಂತ ಧಾರಾಳವಾಗಿ ಹೇಳಬಹುದು. ಲೋಹ ಇಲ್ಲ ಅಂತ ಹೇಳೋಕೆ ಆಗಲ್ಲ. ತಿರುಗಾ ಮುರುಗಾ ಕೂಡ ನಿಜ. ಹುಳು ಇಲ್ಲ ಅಂದ ತಕ್ಷಣ ಲೋಹ ಇದೆ ಅಂತಲೂ ಅಲ್ಲ. ಮರಳು ಮಣ್ಣು, ಒಣಗಿದ ನೆಲ, ಜಾಸ್ತಿ ಉಳುಮೆ, ಹುಳಿ ಮಣ್ಣು, ಕೀಟನಾಶಕ, ಯಾವುದೂ ಕಾರಣ ಆಗಬಹುದು.

ಇನ್ನೊಂದು ವಿಷಯ. ನಾವು ಯಾವಾಗಲೂ "ಸತ್ತಿವೆಯಾ, ಬದುಕಿವೆಯಾ" ಅಂತ ಮಾತ್ರ ನೋಡುತ್ತೇವೆ. ಲೋಹದ ಹೊಡೆತ ಮೊದಲು ಬೀಳೋದು ಸಂತಾನದ ಮೇಲೆ. ಮೇಲೆ ಹೇಳಿದ ಅದೇ ಪ್ರಯೋಗದಲ್ಲಿ ತಾಮ್ರದಿಂದ ಅರ್ಧದಷ್ಟು ಹುಳು ಸಾಯಬೇಕಾದರೆ ಕಿಲೋಗೆ 500 ಮಿಲಿಗ್ರಾಂಗಿಂತ ಜಾಸ್ತಿ ಬೇಕಿತ್ತು. ಮೊಟ್ಟೆಕೋಶ ಅರ್ಧಕ್ಕೆ ಇಳಿಯೋಕೆ 50ರ ಆಸುಪಾಸು ಸಾಕಾಯಿತು. ಹತ್ತು ಪಟ್ಟು ವ್ಯತ್ಯಾಸ! ಕ್ಯಾಡ್ಮಿಯಂನಲ್ಲಿ ಇನ್ನೂ ವಿಚಿತ್ರ. 300 ಮಿಲಿಗ್ರಾಂ ಹಾಕಿದರೂ ಅರ್ಧ ಹುಳು ಸಾಯಲಿಲ್ಲ, ಆದರೆ ಮೊಟ್ಟೆಕೋಶ 50ರ ಒಳಗೇ ಅರ್ಧ ಆಗಿಬಿಟ್ಟಿತ್ತು. ಅಂದರೆ ದೊಡ್ಡ ಹುಳುಗಳು ಓಡಾಡಿಕೊಂಡೇ ಇರುತ್ತವೆ, ಹಿಂದೆ ಮರಿಗಳು ಬರುತ್ತಿರುವುದಿಲ್ಲ. ಗುದ್ದಲಿ ಹಾಕಿ ನೋಡುವವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ.

ಹಾಗಾಗಿ ಹಿತ್ತಲಗಿಡ ಅವರೇ, ಇನ್ನೊಮ್ಮೆ ಅಗೆದಾಗ ದಪ್ಪ ಹುಳು ಎಷ್ಟಿವೆ ಅಂತ ನೋಡಬೇಡಿ. ಸಣ್ಣ ಮರಿಗಳು ಇವೆಯಾ, ಸಾಸಿವೆಯಿಂದ ಕಾಳುಮೆಣಸಿನ ಗಾತ್ರದವರೆಗಿನ ಹಳದಿ-ಕಂದು ಮೊಟ್ಟೆಕೋಶ ಸಿಗುತ್ತವೆಯಾ ನೋಡಿ.

ಕೆಮಿಸ್ಟ್ರಿ ಮೇಷ್ಟ್ರು

ಚೆನ್ನಾಗಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ವರದಿಯಲ್ಲಿ ಬರುವ ಅಂಕಿ ಸಾಮಾನ್ಯವಾಗಿ ಒಟ್ಟು ಲೋಹದ್ದು. ಆಮ್ಲ ಹಾಕಿ ಕುದಿಸಿ ತೆಗೆದದ್ದು. ಹುಳುವಿಗೆ ಮುಟ್ಟೋದು ಅದರಲ್ಲಿ ಒಂದು ಪಾಲು ಮಾತ್ರ. ಮಣ್ಣಿನ ಕಣಗಳ ಮಧ್ಯೆ ಇರುವ ನೀರಲ್ಲಿ ಕರಗಿದ ಲೋಹ ಒದ್ದೆ ಚರ್ಮದ ಮೂಲಕ ಒಳಗೆ ಹೋಗುತ್ತದೆ. ನುಂಗಿದ ಮಣ್ಣಿನ ಜೊತೆ ಬಂದದ್ದು ಕರುಳಿನ ಮೂಲಕ ಹೋಗುತ್ತದೆ.

ಈ ಕರಗುವ ಪಾಲನ್ನ ನಿರ್ಧರಿಸೋದು ಹೆಚ್ಚಾಗಿ ಪಿಎಚ್. ಹುಳಿ ಜಾಸ್ತಿಯಾದಷ್ಟೂ ಕ್ಯಾಡ್ಮಿಯಂ, ಸತು, ಸೀಸ ಮಣ್ಣಿನ ಕಣ ಬಿಟ್ಟು ನೀರಿಗೆ ಬರುತ್ತವೆ. ಜೇಡಿ ಮತ್ತು ಸಾವಯವ ಅಂಶ ಇದ್ದರೆ ಹಿಡಿದಿಟ್ಟುಕೊಳ್ಳುತ್ತವೆ. ತಾಮ್ರ ಮತ್ತು ಸೀಸಕ್ಕೆ ಸಾವಯವ ಅಂಶದ ಜೊತೆ ವಿಶೇಷ ನಂಟು. ಉಪ್ಪಿನಂಶ ಇರುವ ಮಣ್ಣಲ್ಲಿ ಕ್ಲೋರೈಡ್ ಬಂದು ಕ್ಯಾಡ್ಮಿಯಂ ಅನ್ನು ಹೊರಗೆಳೆಯುತ್ತದೆ. ಅದೇ 600 ಮಿಲಿಗ್ರಾಂ ಸೀಸ ಪಿಎಚ್ 5ರ ಮರಳು ಮಣ್ಣಲ್ಲಿ ಇದ್ದಿದ್ದರೆ ಕಥೆಯೇ ಬೇರೆ.

ಹಾಗೇ ಆರ್ಸೆನಿಕ್ ಇದೆಯಲ್ಲ, ಅದು ಪಿಎಚ್ ವಿಷಯದಲ್ಲಿ ಉಲ್ಟಾ. ಸುಣ್ಣ ಹಾಕಿ ಪಿಎಚ್ ಏರಿಸಿದರೆ ಅದು ಇನ್ನೂ ಸಡಿಲ ಆಗಬಹುದು. ಆದ್ದರಿಂದ ಯಾವ ಲೋಹ ಅಂತ ತಿಳಿಯದೆ ಸುಣ್ಣ ಸುರಿಯಬಾರದು.

ಎರೆಗೊಬ್ಬರ ಅಕ್ಕ

ನನಗೊಂದು ಅನುಮಾನ ಮೇಷ್ಟ್ರೇ. ಹುಳು ಲೋಹವನ್ನ ಒಳಗೆ ತಗೊಂಡರೆ ಅದರ ಮೈಯಲ್ಲಿ ಏನಾಗುತ್ತೆ? ಹಾಗೇ ಹೊರಗೆ ಹೋಗುತ್ತಾ?

ಮಣ್ಣುಜೀವಿ

ಅಕ್ಕಾ, ಇದು ನನ್ನ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಎರೆಹುಳುವಿನ ಕರುಳಿನ ಸುತ್ತ ಹಳದಿ ಮಿಶ್ರಿತ ಕಂದು ಬಣ್ಣದ ಒಂದು ಅಂಗಾಂಶ ಇದೆ. ಕ್ಲೋರಾಗೋಜನ್ ಅಂತ ಹೆಸರು. ನಮ್ಮ ಲಿವರ್ ಮಾಡುವ ಕೆಲವು ಕೆಲಸ ಅಲ್ಲಿ ನಡೆಯುತ್ತದೆ. ಒಳಗೆ ಬಂದ ಲೋಹಗಳನ್ನು ಕೂಡಿಹಾಕೋದೂ ಅಲ್ಲೇ. ಆದರೆ ಎಲ್ಲವನ್ನೂ ಒಂದೇ ಕಡೆ ತುಂಬುವುದಿಲ್ಲ. ಸೀಸ ಮತ್ತು ಸತುವನ್ನು ಕ್ಯಾಲ್ಸಿಯಂ-ಫಾಸ್ಫೇಟ್ ಇರುವ ಸಣ್ಣ ಕಾಳುಗಳೊಳಗೆ ಸೇರಿಸುತ್ತದೆ. ಕ್ಯಾಡ್ಮಿಯಂಗೆ ಬೇರೆಯೇ ವ್ಯವಸ್ಥೆ. ಮೆಟಲೋಥಯೋನಿನ್ ಅನ್ನುವ ಗಂಧಕ ತುಂಬಿದ ಪ್ರೋಟೀನ್ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕ್ಯಾಡ್ಮಿಯಂ ಮೈ ಸೇರಿದಷ್ಟೂ ಆ ಪ್ರೋಟೀನ್ ಜಾಸ್ತಿ ತಯಾರಾಗುತ್ತದೆ. ಇದಕ್ಕೆಲ್ಲ ಶಕ್ತಿ ಬೇಕು. ಬೆಳೆಯೋಕೆ, ಮೊಟ್ಟೆ ಇಡೋಕೆ ಹೋಗಬೇಕಾದ ಶಕ್ತಿ ಇಲ್ಲಿ ಖರ್ಚಾಗುತ್ತದೆ. ಹುಳು ಸಣ್ಣಗಾಗೋದು, ತಡವಾಗಿ ಬಲಿಯೋದು ಇದರಿಂದಲೂ ಹೌದು.

ತಾಮ್ರ ಮತ್ತು ಸತು ಹುಳುವಿಗೂ ಬೇಕಾದ ಪೋಷಕಾಂಶ. ಹಾಗಾಗಿ ಜಾಸ್ತಿಯಾದದ್ದನ್ನ ಹೊರಹಾಕುವ ದಾರಿ ಅದಕ್ಕೆ ಗೊತ್ತು. ಹುಳುವನ್ನು ಒಳ್ಳೆ ಮಣ್ಣಿಗೆ ಬಿಟ್ಟರೆ ಈ ಎರಡೂ ಬೇಗ ಇಳಿಯುತ್ತವೆ. ಸೀಸ ನಿಧಾನ. ಕ್ಯಾಡ್ಮಿಯಂ ಅಂತೂ ಒಳಗೆ ಹೋದರೆ ಹೊರಗೆ ಬರೋದೇ ಕಷ್ಟ. ಅದಕ್ಕೇ ಸುತ್ತಲಿನ ಮಣ್ಣಿಗಿಂತ ಹಲವು ಪಟ್ಟು ಕ್ಯಾಡ್ಮಿಯಂ ಹುಳುವಿನ ಮೈಯಲ್ಲಿ ಸಿಗುತ್ತದೆ. ಸೀಸ ಹಾಗಲ್ಲ, ಸಾಮಾನ್ಯವಾಗಿ ಮಣ್ಣಿಗಿಂತ ಕಡಿಮೆಯೇ ಇರುತ್ತದೆ.

ಗುಬ್ಬಿಗೂಡು

ಇಲ್ಲಿ ನಾನು ಮಧ್ಯೆ ಬರಬೇಕಾಯಿತು. ನಾನು ಹಕ್ಕಿ ನೋಡುವವನು. ಹುಳು ಬದುಕಿದೆ ಅಂತ ನೀವೆಲ್ಲ ಖುಷಿ ಪಡುತ್ತಿದ್ದೀರಿ. ಅದನ್ನ ತಿನ್ನುವವರ ಗತಿ? ಅಷ್ಟೊಂದು ಕ್ಯಾಡ್ಮಿಯಂ ಹೊಟ್ಟೆಯಲ್ಲಿ ಇಟ್ಟುಕೊಂಡು ಆರಾಮಾಗಿ ಓಡಾಡುವ ಹುಳು ಹಕ್ಕಿಗೆ ಬಹಳ ಅಪಾಯ. ಸತ್ತಿದ್ದರೆ ಯಾರೂ ತಿನ್ನುತ್ತಿರಲಿಲ್ಲ. ಯುರೋಪಿನಲ್ಲಿ ಹುಳು ತಿಂದು ಬದುಕುವ ಮೋಲ್ (ನೆಲದೊಳಗೆ ಬಿಲ ಕೊರೆದು ಬಾಳುವ ಸಣ್ಣ ಪ್ರಾಣಿ) ಮತ್ತು ಮೂಗಿಲಿಗಳ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ರಾಶಿಯಾಗಿರುವುದನ್ನು ಅಧ್ಯಯನ ಮಾಡಿದ್ದಾರೆ.

ಮಣ್ಣುಜೀವಿ

ನೂರಕ್ಕೆ ನೂರು ನಿಜ. ಅದರ ಮೇಲೆ ಹುಳುವಿನ ಕರುಳಲ್ಲಿ ಮಣ್ಣು ಬೇರೆ ತುಂಬಿರುತ್ತದೆ. ನಾವು ಲ್ಯಾಬಿನಲ್ಲಿ ಹುಳುವಿನ ಲೋಹ ಅಳೆಯುವ ಮೊದಲು ಅದನ್ನ ಒದ್ದೆ ಫಿಲ್ಟರ್ ಕಾಗದದ ಮೇಲೆ ಒಂದೆರಡು ದಿನ ಬಿಟ್ಟು ಹೊಟ್ಟೆ ಖಾಲಿ ಮಾಡಿಸುತ್ತೇವೆ. ಇಲ್ಲದಿದ್ದರೆ ಕರುಳಿನ ಮಣ್ಣೂ ಲೆಕ್ಕಕ್ಕೆ ಸೇರುತ್ತದೆ. ಹಕ್ಕಿ ಹಾಗೆ ಕಾಯುತ್ತಾ ಕೂರುತ್ತಾ? ಮಣ್ಣು ಸಮೇತ ನುಂಗುತ್ತದೆ. ಸೀಸದ ಜಾಗದಲ್ಲಿ ಹುಳುವಿನ ಮಾಂಸಕ್ಕಿಂತ ಅದರ ಹೊಟ್ಟೆಯ ಮಣ್ಣೇ ದೊಡ್ಡ ತೊಂದರೆ ಆಗಬಹುದು.

ಹಿತ್ತಲಗಿಡ ಅವರೇ, ಕೋಳಿ ಅಂದಿರಲ್ಲ. ಆ ಜಾಗದಲ್ಲಿ ಬೇಡವೇ ಬೇಡ. ಕೋಳಿ ಹುಳುವನ್ನೂ ಕೆದಕುತ್ತದೆ, ಮಣ್ಣನ್ನೂ ತಿನ್ನುತ್ತದೆ. ಸೀಸ ಇರುವ ಅಂಗಳದಲ್ಲಿ ಮೇಯುವ ಕೋಳಿಗಳ ಮೊಟ್ಟೆಯಲ್ಲಿ ಸೀಸ ಕಂಡುಬಂದಿದೆ.

ಸಾವಯವ ಸಂಗಾತಿ

ಸರಿ ಮೇಡಂ, ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಇವೆಲ್ಲ ಲ್ಯಾಬಿನ ಡಬ್ಬಿಯೊಳಗಿನ ಮಾತು. ನಿಜವಾದ ನೆಲದಲ್ಲಿ ಲೋಹದಿಂದ ಹುಳು ಮಾಯ ಆಗಿದ್ದು ಎಲ್ಲಾದರೂ ಇದೆಯಾ?

ಮಣ್ಣುಜೀವಿ

ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಏವನ್‌ಮೌತ್ ಅಂತ ಊರು. ಅಲ್ಲಿ ಸತು, ಸೀಸ ಕರಗಿಸುವ ದೊಡ್ಡ ಕುಲುಮೆ ಇತ್ತು, 2003ರಲ್ಲಿ ಮುಚ್ಚಿತು. ಚಿಮಣಿಯಿಂದ ಹೊರಬಂದ ಸತು, ಸೀಸ, ಕ್ಯಾಡ್ಮಿಯಂ, ತಾಮ್ರ ಸುತ್ತಲಿನ ನೆಲದ ಮೇಲೆ ವರ್ಷಗಟ್ಟಲೆ ಬಿದ್ದವು. ಕುಲುಮೆಗೆ ತೀರಾ ಹತ್ತಿರದ ಜಾಗಗಳಲ್ಲಿ ಎರೆಹುಳುವೇ ಇರಲಿಲ್ಲ. ದೂರ ಹೋದ ಹಾಗೆ ಸಂಖ್ಯೆಯೂ ಜಾತಿಗಳೂ ಜಾಸ್ತಿಯಾಗುತ್ತಿದ್ದವು. ಹತ್ತಿರದ ಕಾಡಿನಲ್ಲಿ ಉದುರಿದ ಎಲೆ ಕೊಳೆಯದೆ ದಪ್ಪ ಪದರ ಕಟ್ಟಿತ್ತು. ಅದನ್ನು ತಿಂದು ಮಣ್ಣಿಗೆ ಎಳೆಯುವ ಜೀವಿಗಳು ಇಲ್ಲದಿದ್ದರೆ ಇನ್ನೇನಾಗುತ್ತೆ?

ಇಂಥ ಕಡೆ ನಮಗೆ ಮೊದಲು ಅನುಮಾನ ಬರೋದು ಸೀಸ, ಕ್ಯಾಡ್ಮಿಯಂ ಮೇಲೆ. ಆದರೆ ಲೆಕ್ಕ ಹಾಕಿ ನೋಡಿದಾಗ ಅಲ್ಲಿ ಹುಳು ಕಾಣೆಯಾಗೋಕೆ ಮುಖ್ಯ ಕಾರಣ ಸತು ಅಂತ ಕಂಡಿತು. ಮನುಷ್ಯರಿಗೆ ಅಷ್ಟೇನೂ ಕೆಟ್ಟದ್ದಲ್ಲ ಅಂತ ನಾವು ತಲೆ ಕೆಡಿಸಿಕೊಳ್ಳದ ಲೋಹ.

ಲ್ಯಾಬಿನ ಡಬ್ಬಿ ಬಗ್ಗೆ ನಿಮ್ಮ ಟೀಕೆ ಮಾತ್ರ ನ್ಯಾಯವಾದದ್ದೇ. 1984ರಲ್ಲಿ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ ಒಂದು ಪರೀಕ್ಷಾ ವಿಧಾನ ತಂತು. ಅದಕ್ಕೆ ಬಳಸೋದು ಕೃತಕ ಮಣ್ಣು, 70 ಭಾಗ ಮರಳು, 20 ಭಾಗ ಕೆಯೋಲಿನ್ ಜೇಡಿ, 10 ಭಾಗ ಪೀಟ್ (ಜೌಗು ನೆಲದ ಅರೆಕೊಳೆತ ಸಸ್ಯಭಾಗ). ಅದರೊಳಗೆ ಹುಳು ಬಿಟ್ಟು 14 ದಿನ ಆದಮೇಲೆ ಎಷ್ಟು ಸತ್ತಿವೆ ಅಂತ ಎಣಿಸೋದು. 2004ರಲ್ಲಿ ಸಂತಾನದ ಪರೀಕ್ಷೆಯೂ ಬಂತು, ಅದು 56 ದಿನದ್ದು. ಈ ಎರಡರಲ್ಲೂ ಬಳಸೋದು ಐಸೀನಿಯಾ ಜಾತಿಯ ಕೆಂಪು ಕಾಂಪೋಸ್ಟ್ ಹುಳು. ಸಾಕೋಕೆ ಸುಲಭ ಅಂತ ಅದನ್ನ ಆರಿಸಿದರು. ಅದು ಗೊಬ್ಬರದ ಗುಂಡಿಯಲ್ಲಿ ಬಾಳುವ ಹುಳು, ಹೊಲದ ಮಣ್ಣು ತಿನ್ನುವುದಲ್ಲ. ಹೊಲದಲ್ಲಿರುವ ಬೂದು ಬಣ್ಣದ ಜಾತಿಗಳು ಹಲವು ಲೋಹಗಳಿಗೆ ಇದಕ್ಕಿಂತ ಬೇಗ ಸೋಲುತ್ತವೆ. ಇನ್ನೊಂದು ಕಡೆ, ಲ್ಯಾಬಿನಲ್ಲಿ ಹಾಕೋದು ಆಗಷ್ಟೇ ಕರಗಿಸಿದ ಲವಣ. ಹೊಲದ ಲೋಹ ವರ್ಷಗಳಲ್ಲಿ ಮಣ್ಣಿಗೆ ಅಂಟಿಕೊಂಡು ಮೆತ್ತಗಾಗಿರುತ್ತದೆ. ಒಂದು ಕಾರಣ ಅಪಾಯವನ್ನ ಕಡಿಮೆ ತೋರಿಸುತ್ತೆ, ಇನ್ನೊಂದು ಜಾಸ್ತಿ ತೋರಿಸುತ್ತೆ. ಅದಕ್ಕೇ ಆ ಅಂಕಿಗಳನ್ನ ನಿಮ್ಮ ನೆಲಕ್ಕೆ ಅಕ್ಷರಶಃ ಹಚ್ಚಬಾರದು.

ತೋಟದ ದಾರಿ

ತಾಮ್ರದ ಅಂಕಿ ನೋಡಿ ನನಗೆ ಗಾಬರಿಯಾಯಿತು. ನಾವು ವರ್ಷಾ ವರ್ಷಾ ಬೋರ್ಡೋ ದ್ರಾವಣ ಹೊಡೆಯುವವರು. ಮೈಲುತುತ್ತ, ಸುಣ್ಣ. ಅದು ಸಾವಯವ ಕೃಷಿಗೂ ಓಕೆ ಅಂತಾರಲ್ಲ?

ಕೆಮಿಸ್ಟ್ರಿ ಮೇಷ್ಟ್ರು

ಓಕೆ ಅನ್ನುತ್ತಾರೆ, ಆದರೆ ತಾಮ್ರ ಕೊಳೆಯುವ ವಸ್ತುವಲ್ಲ. ಬೋರ್ಡೋ ದ್ರಾವಣ 1885ರ ಹೊತ್ತಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು. ಅಲ್ಲಿಂದ ಇಲ್ಲಿಯವರೆಗೆ ಹೊಡೆದ ತಾಮ್ರದ ಹೆಚ್ಚಿನ ಪಾಲು ಆ ತೋಟಗಳ ಮೇಲ್ಮಣ್ಣಲ್ಲೇ ಕೂತಿದೆ. ಕಿಲೋಗೆ ನೂರಾರು ಮಿಲಿಗ್ರಾಂ ಇರುವ ಹಳೆ ತೋಟಗಳಿವೆ. ಯುರೋಪಿನ ಒಕ್ಕೂಟ ಈಗ ಹೆಕ್ಟೇರಿಗೆ 7 ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರ, ಅದಕ್ಕಿಂತ ಜಾಸ್ತಿ ಹೊಡೆಯಬಾರದು ಅಂತ ಮಿತಿ ಹಾಕಿದೆ. ಅವರಿಗೂ ಹುಳುಗಳ ಚಿಂತೆ ಶುರುವಾಗಿದೆ.

ಮೇಲಿನ ಕೆಲವು ಸೆಂಟಿಮೀಟರ್ ಮಣ್ಣಲ್ಲೇ ತಾಮ್ರ ನಿಲ್ಲುತ್ತದೆ. ಎಲೆ ತಿನ್ನೋಕೆ ಮೇಲೆ ಬರುವ ಹುಳು ಓಡಾಡೋದೂ ಅಲ್ಲೇ. ನೀವು ಒಮ್ಮೆ ಮೇಲ್ಮಣ್ಣಿನ ತಾಮ್ರ ಪರೀಕ್ಷೆ ಮಾಡಿಸಿ. ಮರದ ಕೆಳಗೆ ಎಲೆಗಳು ಕೊಳೆಯದೆ ಚಾಪೆ ಕಟ್ಟಿವೆಯಾ ಅಂತಲೂ ನೋಡಿ.

ಎರೆಗೊಬ್ಬರ ಅಕ್ಕ

ನನ್ನದೂ ಒಂದು. ಎರೆಹುಳು ಲೋಹ ಹೀರಿಕೊಳ್ಳುತ್ತೆ ಅಂದಮೇಲೆ ಕೊಳಚೆ ನೀರಿನ ಕೆಸರಿಗೆ ಹುಳು ಬಿಟ್ಟು ಸ್ವಚ್ಛ ಮಾಡಬಹುದು ಅಲ್ವಾ? ಹಾಗಂತ ಒಂದು ವಿಡಿಯೋದಲ್ಲಿ ಹೇಳುತ್ತಿದ್ದರು.

ಕೆಮಿಸ್ಟ್ರಿ ಮೇಷ್ಟ್ರು

ಆ ವಿಡಿಯೋ ಅರ್ಧ ಸತ್ಯ ಹೇಳುತ್ತಿದೆ ತಾಯಿ. ಲೆಕ್ಕ ಮಾಡೋಣ. 100 ಕಿಲೋ ಒಣ ಕಸದಲ್ಲಿ 3 ಗ್ರಾಂ ಸೀಸ ಇದೆ ಅಂದುಕೊಳ್ಳಿ. ಕಿಲೋಗೆ 30 ಮಿಲಿಗ್ರಾಂ ಆಯಿತು. ಹುಳು ತಿಂದು, ಕೊಳೆತು, ಇಂಗಾಲ ಗಾಳಿಗೆ ಹೋಗಿ 50 ಕಿಲೋ ಗೊಬ್ಬರ ಉಳಿಯಿತು. ಸೀಸ ಗಾಳಿಗೆ ಹೋಗಲ್ಲ. ಹುಳುವಿನ ಮೈಗೆ ಹೋಗೋದು ಅದರಲ್ಲಿ ಸಣ್ಣ ಪಾಲು. ಅಂದರೆ ಕಿಲೋಗೆ ಹತ್ತಿರ ಹತ್ತಿರ 60 ಮಿಲಿಗ್ರಾಂ. ಗೊಬ್ಬರ ಚೆನ್ನಾಗಿ ಆದಷ್ಟೂ ಲೋಹ ದಟ್ಟವಾಗುತ್ತದೆ!

ಆ ಅರ್ಧ ಸತ್ಯ ಯಾವುದು ಅಂದರೆ, ಕಳಿತ ಗೊಬ್ಬರದ ಹ್ಯೂಮಸ್ ಲೋಹವನ್ನು ಹಿಡಿದುಕೊಳ್ಳುವುದರಿಂದ ಗಿಡಕ್ಕೆ ಸುಲಭವಾಗಿ ಸಿಗುವ ಪಾಲು ಹಲವು ಸಲ ಕಡಿಮೆಯಾಗುತ್ತದೆ. ಒಟ್ಟು ಲೋಹ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಗೊಬ್ಬರದ ಗುಣ ನಿರ್ಧಾರ ಆಗೋದು ಗುಂಡಿಗೆ ಏನು ಹಾಕಿದಿರಿ ಅನ್ನೋದರ ಮೇಲೆ.

ಮಣ್ಣುಜೀವಿ

ಮೇಷ್ಟ್ರ ಮಾತಿಗೆ ಒಂದು ತಕರಾರು. ಅದು ಗೊಬ್ಬರದ ಗುಂಡಿಯ ಕಥೆ. ಹೊಲದ ಮಣ್ಣಲ್ಲಿ ಹುಳುವಿನ ಕರುಳು ದಾಟಿ ಬಂದ ಲೋಹ ಗಿಡಕ್ಕೆ ಇನ್ನೂ ಸುಲಭವಾಗಿ ಸಿಗೋದನ್ನ ಹಲವು ಪ್ರಯೋಗಗಳು ತೋರಿಸಿವೆ. ಕರುಳಲ್ಲಿ ಪಿಎಚ್ ಬದಲಾಗುತ್ತೆ, ಸಾವಯವ ವಸ್ತು ಒಡೆಯುತ್ತೆ, ಅದಕ್ಕೆ ಅಂಟಿದ್ದ ಲೋಹ ಸಡಿಲ ಆಗುತ್ತೆ. ಆದ್ದರಿಂದ "ಹುಳು ಬಿಟ್ಟರೆ ಮಣ್ಣು ಶುದ್ಧ" ಅನ್ನೋ ಮಾತನ್ನ ಹೊಲದ ಮಟ್ಟಿಗೆ ನಾನು ಒಪ್ಪಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ತಕರಾರು ಸ್ವೀಕರಿಸಿದ್ದೇನೆ.

ಗುಬ್ಬಿಗೂಡು

ಒಂದು ಕುತೂಹಲ. ನೂರಾರು ವರ್ಷ ಹಳೆ ಗಣಿಗಳ ಗುಡ್ಡೆ ಮೇಲೆ ಹುಳು ಸಿಗುತ್ತವಂತೆ. ಅವು ಹೇಗೆ ಬದುಕಿದವು?

ಮಣ್ಣುಜೀವಿ

ಸಿಗುತ್ತವೆ. ಇಂಗ್ಲೆಂಡಿನ ಡೆವನ್‌ನಲ್ಲಿ ಡೆವನ್ ಗ್ರೇಟ್ ಕನ್ಸೋಲ್ಸ್ ಅಂತ ಹಳೆ ಗಣಿ ಇದೆ. 19ನೇ ಶತಮಾನದಲ್ಲಿ ಅಲ್ಲಿ ತಾಮ್ರ ತೆಗೆಯುತ್ತಿದ್ದರು, ಆಮೇಲೆ ಆರ್ಸೆನಿಕ್. ಆ ಗುಡ್ಡೆಯ ಲಂಬ್ರಿಕಸ್ ರುಬೆಲ್ಲಸ್ ಹುಳುಗಳನ್ನೂ ಶುದ್ಧ ಜಾಗದ ಅದೇ ಜಾತಿಯ ಹುಳುಗಳನ್ನೂ ಆರ್ಸೆನಿಕ್ ಬೆರೆಸಿದ ಮಣ್ಣಿಗೆ ಬಿಟ್ಟು ನೋಡಿದರು. ಶುದ್ಧ ಜಾಗದವು ಸತ್ತವು, ಗಣಿಯವು ತಡೆದುಕೊಂಡವು. ಹುಳುವಿನ ತಲೆಮಾರು ಬೇಗ ಉರುಳುತ್ತದೆ. ತಡೆಯಬಲ್ಲವು ಮಾತ್ರ ಉಳಿದು ಸಂತಾನ ಬೆಳೆಸಿದರೆ ಶತಮಾನದೊಳಗೆ ಇಂಥ ಬದಲಾವಣೆ ಸಾಧ್ಯ. ವೇಲ್ಸಿನ ಹಳೆ ಸೀಸದ ಗಣಿಗಳ ಹುಳುಗಳ ಮೇಲೂ ಬಹಳ ಕೆಲಸ ನಡೆದಿದೆ.

ನಮ್ಮ ಚರ್ಚೆಗೂ ಇದು ಮುಖ್ಯ. ಜಾಗ ಹಳೆಯದಾದಷ್ಟೂ ಅಲ್ಲಿನ ಹುಳು ಆ ವಿಷಕ್ಕೆ ಒಗ್ಗಿರುವ ಸಾಧ್ಯತೆ ಜಾಸ್ತಿ. ಅಂಥ ಹುಳುವನ್ನ ಸಾಕ್ಷಿಗೆ ಕರೆದರೆ ಎಡವುತ್ತೇವೆ.

ಹಿತ್ತಲಗಿಡ

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲೇ ಮಾಡಬಹುದಾದ ಏನಾದರೂ ಪರೀಕ್ಷೆ ಇದೆಯಾ? ಇನ್ನೊಂದು ಮೂಲೆಯಲ್ಲಿ ಹುಳು ಬಹಳ ಕಡಿಮೆ. ಅಲ್ಲಿನ ಮಣ್ಣನ್ನ ಲ್ಯಾಬಿಗೆ ಕೊಟ್ಟಿರಲಿಲ್ಲ.

ಮಣ್ಣುಜೀವಿ

ಒಂದಿದೆ. ಒಂದು ಡಬ್ಬಿಯ ಮಧ್ಯೆ ರಟ್ಟು ನಿಲ್ಲಿಸಿ. ಒಂದು ಕಡೆ ಆ ಮೂಲೆಯ ಮಣ್ಣು, ಇನ್ನೊಂದು ಕಡೆ ನಂಬಿಕೆಯ ಜಾಗದ ಮಣ್ಣು. ಎರಡರ ತೇವ, ಮಣ್ಣಿನ ಬಗೆ ಆದಷ್ಟೂ ಒಂದೇ ಥರ ಇರಲಿ. ರಟ್ಟು ತೆಗೆದು ಮಧ್ಯದ ಗೆರೆಯ ಮೇಲೆ ಹತ್ತು ಹುಳು ಬಿಡಿ. ಮುಚ್ಚಳಕ್ಕೆ ಗಾಳಿತೂತು ಇರಲಿ. 48 ಗಂಟೆ ಆದಮೇಲೆ ಮತ್ತೆ ರಟ್ಟು ಇಳಿಸಿ ಎಣಿಸಿ. ಅನುಮಾನದ ಕಡೆ ಎರಡು ಹುಳುಗಳಿಗಿಂತ ಕಡಿಮೆ ಉಳಿದರೆ ಆ ಮಣ್ಣು ಹುಳುವಿಗೆ ಹಿಡಿಸಿಲ್ಲ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ವಿಧಾನದಲ್ಲಿ ಇಟ್ಟಿರುವ ಮಿತಿ ಇದೇ, ಅಂದರೆ 20 ಶೇಕಡಾಕ್ಕಿಂತ ಕಡಿಮೆ. ಒಂದೇ ಡಬ್ಬಿ ನಂಬಬೇಡಿ, ನಾಲ್ಕೈದು ಡಬ್ಬಿ ಇಡಿ. ಎರಡೂ ಕಡೆ ಒಳ್ಳೆ ಮಣ್ಣೇ ಹಾಕಿದ ಒಂದು ಡಬ್ಬಿಯೂ ಇರಲಿ, ಹುಳು ಸುಮ್ನೆ ಒಂದು ಕಡೆ ಗುಂಪಾಗುತ್ತಿಲ್ಲ ಅಂತ ಖಾತ್ರಿ ಆಗುತ್ತೆ.

ಹುಳು ಓಡಿಹೋದರೆ ಕಾರಣ ಉಪ್ಪೂ ಆಗಿರಬಹುದು, ಎಣ್ಣೆಯೂ ಆಗಿರಬಹುದು. ಓಡಿಹೋಗದಿದ್ದರೆ ಲೋಹ ಇಲ್ಲ ಅಂತ ಅರ್ಥವಲ್ಲ. ಎಲ್ಲ ಲೋಹವನ್ನೂ ಅದು ಒಂದೇ ಥರ ಗುರುತಿಸುವುದಿಲ್ಲ. ಇದು ಲ್ಯಾಬಿಗೆ ಯಾವ ಮೂಲೆಯ ಮಣ್ಣು ಕಳಿಸಬೇಕು ಅಂತ ಆರಿಸೋಕೆ ಮಾತ್ರ. ಬ್ಯಾಟರಿ ಜಾಗ ಅಂದಮೇಲೆ ಆಮ್ಲ ಚೆಲ್ಲಿದ್ದ ಮೂಲೆ ಅದೇ ಇರಬಹುದು. ಪಿಎಚ್ ಮೊದಲು ನೋಡಿಸಿ.

ಸಾವಯವ ಸಂಗಾತಿ

ಸೀಸ ಹಿಡಿದಿಡೋಕೆ ಫಾಸ್ಫೇಟ್ ಹಾಕಬಹುದು ಅಂತ ಕೇಳಿದ್ದೆ. ಅದಾದರೂ ನಿಜವಾ?

ಕೆಮಿಸ್ಟ್ರಿ ಮೇಷ್ಟ್ರು

ನಿಜ. ಸೀಸ ಫಾಸ್ಫೇಟ್ ಜೊತೆ ಸೇರಿ ಪೈರೋಮಾರ್ಫೈಟ್ ಅನ್ನುವ ಬಹಳ ಕಡಿಮೆ ಕರಗುವ ಖನಿಜ ಆಗುತ್ತದೆ. ಆದರೆ ಅಲ್ಲಿ ಆರ್ಸೆನಿಕ್ ಇದ್ದರೆ ಫಾಸ್ಫೇಟ್ ಅದನ್ನ ಬಿಡಿಸಿ ಹೊರಗೆ ಹಾಕುತ್ತೆ. ಬ್ಯಾಟರಿಯ ಸೀಸದ ಜೊತೆ ಆರ್ಸೆನಿಕ್, ಆಂಟಿಮನಿ ಸ್ವಲ್ಪ ಬೆರೆಸುತ್ತಿದ್ದರು, ಅದನ್ನೂ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಕೆಲವು ಶಿಲಾ ಫಾಸ್ಫೇಟಿನಲ್ಲಿ ಕ್ಯಾಡ್ಮಿಯಂ ಕೂಡ ಇರುತ್ತೆ.

ಹಿತ್ತಲಗಿಡ

ಸರಿ. ಎರಡೂ ಮೂಲೆಯ ಮಣ್ಣನ್ನ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಿಎಚ್ ಎಲ್ಲಕ್ಕೂ ಕೊಡುತ್ತೇನೆ. ತರಕಾರಿಯನ್ನ ಸದ್ಯಕ್ಕೆ ಹೊರಗಿಂದ ತಂದ ಮಣ್ಣು ತುಂಬಿದ ಎತ್ತರದ ಪಾತಿಯಲ್ಲಿ ಬೆಳೆಯುತ್ತೇನೆ, ತಳಕ್ಕೆ ದಪ್ಪ ಹಾಸು ಹಾಕಿ. ಕೋಳಿ ವಿಚಾರ ಕೈಬಿಟ್ಟೆ. ಅಲ್ಲಿನ ದಪ್ಪ ಹುಳುಗಳನ್ನ ಹೊಸ ಪಾತಿಗೆ ಬಿಡಬಹುದಾ?

ಮಣ್ಣುಜೀವಿ

ಬೇಡ. ಅವುಗಳ ಹೊಟ್ಟೆಯಲ್ಲಿ ಅಲ್ಲಿನ ಮಣ್ಣಿದೆ, ಮೈಯಲ್ಲಿ ಅಲ್ಲಿನ ಲೋಹ ಇದೆ. ಅವು ಅಲ್ಲೇ ಇರಲಿ. ಪಾತಿಗೆ ಒಳ್ಳೆ ಕಾಂಪೋಸ್ಟ್ ಹಾಕಿ ತೇವ ಕಾಪಾಡಿ. ಹಾಸಿನಲ್ಲಿ ಎಲ್ಲೂ ಸಂದಿ ಬಿಡಬೇಡಿ, ಇಲ್ಲದಿದ್ದರೆ ಕೆಳಗಿನವು ತಾವಾಗೇ ಮೇಲೆ ಬಂದು ಆ ಮಣ್ಣನ್ನ ಹಿಕ್ಕೆ ಮಾಡಿ ಹಾಕುತ್ತವೆ. ಆರ್ಸೆನಿಕ್ ವರದಿ ಬಂದಾಗ ಇಲ್ಲೇ ಹಾಕಿ, ನೋಡೋಣ.